ಆಳುದ್ದ ನೆರಳು

ಕನ್ನಡದಲ್ಲಿ ಹೊತ್ತು ಅಂದರೆ ಸೂರ್ಯ. ಹೊತ್ತು ಅಂದರೆ ಕಾಲವೂ ಹೌದು. ಹೊತ್ತು ಮೂಡಿತು ಅನ್ನುತ್ತೇವೆ, ಹೊತ್ತು ಮುಳುಗಿತು ಅನ್ನುತ್ತೇವೆ, ಊಟಕ್ಕೆ ಹೊತ್ತಾಯಿತು ಅನ್ನುತ್ತೇವೆ. ತಿಂಗಳು ಅನ್ನುವ ಮಾತೂ ಹೀಗೆಯೇ. ಅದು ಚಂದ್ರನ ಹೆಸರು, ಚಂದ್ರ ಒಂದು ಸುತ್ತು ಬರುವ ದಿನಗಳ ಹೆಸರೂ ಹೌದು. ಬೆಳದಿಂಗಳು ಅನ್ನುವಾಗ ಆ ಹಳೆಯ ಚಂದ್ರ ಇನ್ನೂ ನಮ್ಮ ಬಾಯಲ್ಲೇ ಇದ್ದಾನೆ. ಘಟಿಕೆ, ಮುಹೂರ್ತ, ತಿಥಿ, ಮಾಸ ಎಂಬ ಮಾತುಗಳು ಪಂಚಾಂಗದ ಜೊತೆ ಬಂದವು. ಹೊತ್ತು, ತಿಂಗಳು ಬಂದದ್ದು ಹಾಗಲ್ಲ. ಹೊಲದಲ್ಲಿ, ದನದ ಹಿಂದೆ, ಕಣದಲ್ಲಿ ದುಡಿಯುತ್ತಿದ್ದ ಜನ ತಲೆಯೆತ್ತಿ ನೋಡಿ ಇಟ್ಟುಕೊಂಡ ಹೆಸರುಗಳು ಅವು. ಕಾಲದ ಲೆಕ್ಕ ಯಾರ ಮನೆಯ ಸ್ವತ್ತು ಎಂದು ಕೇಳುವವರು ಮೊದಲು ಈ ಎರಡು ಮಾತುಗಳನ್ನು ನೋಡಬೇಕು.

ಗಡಿಯಾರ ಬರುವ ಮುಂಚೆ ನಮ್ಮ ಕೇರಿಗಳಲ್ಲಿ ಯಾರೂ ಹೊತ್ತು ತಿಳಿಯದೆ ಕೂತಿರಲಿಲ್ಲ. ಕೋಳಿ ಕೂಗಿತು ಅಂದರೆ ಬೀಸೋ ಕಲ್ಲು ತಿರುಗಬೇಕು. ಹೊತ್ತು ಮಾರುದ್ದ ಏರಿತು ಅಂದರೆ ಆಳು ಹೊಲದಲ್ಲಿರಬೇಕು. ತನ್ನ ನೆರಳು ತನ್ನ ಕಾಲಡಿಗೆ ಬಂದರೆ ಬುತ್ತಿ ಬಿಚ್ಚಬಹುದು. ಆಮೇಲೆ ಇಳಿಹೊತ್ತು, ದನ ಮನೆಗೆ ಬರೋ ಹೊತ್ತು, ದೀಪ ಹಚ್ಚೋ ಹೊತ್ತು. ರಾತ್ರಿಯ ಲೆಕ್ಕ ಚಂದ್ರನದು. ಚಂದ್ರ ದಿನದಿನಕ್ಕೆ ಸುಮಾರು ಎರಡು ಗಳಿಗೆ, ಅಂದರೆ ಇವತ್ತಿನ 48 ನಿಮಿಷದಷ್ಟು, ತಡವಾಗುತ್ತಾ ಹೋಗುತ್ತಾನೆ. ಬಿದಿಗೆಯ ಚಂದ್ರ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಇಳಿದುಹೋಗುತ್ತಾನೆ. ಶುದ್ಧ ಅಷ್ಟಮಿಯ ಚಂದ್ರ ಮುಳುಗಿದರೆ ಸರಹೊತ್ತು. ಹುಣ್ಣಿಮೆಯವನು ಹೊತ್ತು ಮುಳುಗುವಾಗ ಹುಟ್ಟಿ ಹೊತ್ತು ಹುಟ್ಟುವಾಗ ಮುಳುಗುತ್ತಾನೆ. ಇದಕ್ಕೆ ಓಲೆಗರಿ ಬೇಕಿಲ್ಲ. ಕಣದಲ್ಲಿ ರಾತ್ರಿಯೆಲ್ಲ ರಾಗಿ ಬಡಿದವರಿಗೆ ಇದು ತಾನಾಗೇ ತಿಳಿಯುತ್ತಿತ್ತು.

ಶಾಸ್ತ್ರದವರು ಮಾಡಿದ್ದೂ ಮೂಲದಲ್ಲಿ ಇದೇ ಕೆಲಸ. ನೆಲ ಮಟ್ಟ ಮಾಡಿ ಒಂದು ಗೂಟ ನೆಟ್ಟು ಅದನ್ನು ಶಂಕು ಎಂದರು. ಅದರ ಉದ್ದ ಹನ್ನೆರಡು ಅಂಗುಲ ಎಂದು ಗೊತ್ತು ಮಾಡಿಕೊಂಡರು. ಶಂಕುವಿನ ಸುತ್ತ ಒಂದು ವೃತ್ತ ಬರೆದು, ಬೆಳಗ್ಗೆ ನೆರಳಿನ ತುದಿ ಆ ವೃತ್ತವನ್ನು ಮುಟ್ಟಿದ ಕಡೆ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದ ಕಡೆ ಇನ್ನೊಂದು ಗುರುತು ಹಾಕಿ, ಎರಡನ್ನೂ ಒಂದು ಗೆರೆಯಿಂದ ಸೇರಿಸಿದರೆ ಪೂರ್ವ ಪಶ್ಚಿಮ ಸಿಗುತ್ತದೆ. ಶುಲ್ಬಸೂತ್ರಗಳ ಕಾಲದ ಈ ಉಪಾಯ ಜಾಣತನದ್ದು. ಅದನ್ನು ಅಲ್ಲಗಳೆಯಬೇಕಾದ ದರ್ದು ನಮಗಿಲ್ಲ. ಯಜ್ಞದ ವೇದಿಕೆಗೆ, ಆಮೇಲೆ ದೇವಸ್ಥಾನಗಳ ಪಾಯಕ್ಕೆ ದಿಕ್ಕು ಹಿಡಿದದ್ದು ಹೀಗೆ. ಅಂದರೆ ಗರ್ಭಗುಡಿಯ ಮೊದಲ ಗೆರೆ ಎಳೆದದ್ದು ಒಂದು ನೆರಳು. ಇದನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೆರಳಿನಿಂದ ಹೊತ್ತು ಅಳೆಯುವ ಒಂದು ಪಟ್ಟಿ ಇದೆ. ಈ ಗ್ರಂಥ ನೂರಾರು ವರ್ಷ ಕಣ್ಮರೆಯಾಗಿದ್ದು, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾಯಿತು. ಆ ಪಟ್ಟಿಯಲ್ಲಿ ನೆರಳಿನ ಅಳತೆಯ ಹೆಸರು ‘ಪೌರುಷ’. ಅಂದರೆ ಒಂದು ಆಳು. ಗೂಟ ಹನ್ನೆರಡು ಅಂಗುಲದ್ದೇ ಇರಲಿ, ಅದರಷ್ಟು ಉದ್ದದ ನೆರಳಿಗೆ ಆಳುದ್ದ ನೆರಳು ಎಂದೇ ಹೆಸರು. ಶಂಕುವಿಗೆ ಮೊದಲು ಮನುಷ್ಯ ತನ್ನ ಮೈಯ ನೆರಳನ್ನೇ ನೋಡಿ ಹೊತ್ತು ಹೇಳುತ್ತಿದ್ದ ಅನ್ನುವುದಕ್ಕೆ ಈ ಹೆಸರಿಗಿಂತ ಬೇರೆ ಸಾಕ್ಷಿ ಬೇಡ. ಪಟ್ಟಿ ಹೇಳೋದು ಇಷ್ಟು: ನೆರಳು ಎಂಟು ಆಳುದ್ದ ಇದ್ದರೆ ಹಗಲಿನಲ್ಲಿ ಹದಿನೆಂಟನೆಯ ಒಂದು ಪಾಲು ಕಳೆದಿದೆ. ಮೂರು ಆಳುದ್ದ ಇದ್ದರೆ ಎಂಟನೆಯ ಒಂದು ಪಾಲು. ಎರಡು ಆಳುದ್ದಕ್ಕೆ ಆರನೆಯ ಒಂದು ಪಾಲು. ಒಂದು ಆಳುದ್ದಕ್ಕೆ ಕಾಲು ಪಾಲು. ನೆರಳು ಇಲ್ಲವಾದರೆ ನಡುಹಗಲು. ಇದರ ಹಿಂದಿನ ಗುಟ್ಟು ಸರಳ. ನೆರಳಿನ ಅಳತೆಗೆ ಒಂದು ಕೂಡಿಸಿ, ಎರಡರಿಂದ ಗುಣಿಸಿ, ಬಂದದ್ದರಿಂದ ಒಂದನ್ನು ಭಾಗಿಸಿದರೆ ಕಳೆದ ಹಗಲಿನ ಪಾಲು ಸಿಗುತ್ತದೆ. ನಾಲ್ಕನೆಯ ತರಗತಿ ಹುಡುಗರು ಮಾಡಬಹುದಾದ ಲೆಕ್ಕ. ಅಂದಾಜಿನ ಲೆಕ್ಕ ನಿಜ, ಆದರೆ ಒಂದು ಆಳುದ್ದದ ಹತ್ತಿರ ನಮ್ಮ ಸೀಮೆಯಲ್ಲಿ ಚೆನ್ನಾಗಿಯೇ ಹೊಂದುತ್ತದೆ.

ರಾಜನ ದಿನಚರಿಯನ್ನೂ ಕೌಟಿಲ್ಯ ಇದೇ ನೆರಳಿನಿಂದ ಕತ್ತರಿಸಿ ಇಟ್ಟಿದ್ದಾನೆ. ಹಗಲನ್ನು ಎಂಟು ಪಾಲು ಮಾಡಿ, ಎರಡನೆಯ ಪಾಲಿನಲ್ಲಿ, ಅಂದರೆ ನೆರಳು ಮೂರು ಆಳುದ್ದದಿಂದ ಒಂದು ಆಳುದ್ದಕ್ಕೆ ಇಳಿಯುವ ಹೊತ್ತಿನಲ್ಲಿ, ರಾಜ ಪಟ್ಟಣದವರ ಮತ್ತು ಹಳ್ಳಿಯವರ ಕಷ್ಟಸುಖ ವಿಚಾರಿಸಬೇಕು ಎನ್ನುತ್ತಾನೆ. ಹಗಲು ಹನ್ನೆರಡು ಗಂಟೆ ಇರುವ ದಿನ ಇದು ಸರಿಯಾಗಿ ಏಳೂವರೆಯಿಂದ ಒಂಬತ್ತು. ಒಂಬತ್ತು ಗಂಟೆಗೆ ನೆರಳು ಆಳುದ್ದ. ಮಧ್ಯಾಹ್ನ ದಾಟಿ ಅದು ಮತ್ತೆ ಆಳುದ್ದಕ್ಕೆ ಬರುವುದು ಮೂರಕ್ಕೆ.

ಒಂಬತ್ತು, ಮೂರು. ಈ ಎರಡು ಅಂಕಿಗಳನ್ನು ಹಿಡಿದು ನಾವು ಪುಣೆಗೆ ಹೋಗಬೇಕು.

ಹದಿನೆಂಟನೆಯ ಶತಮಾನದಲ್ಲಿ ಈ ದೇಶದಲ್ಲಿ ನೆರಳಿನ ಎರಡು ದೊಡ್ಡ ಪ್ರಯೋಗಗಳು ನಡೆದವು. ಒಂದು ಜಯಪುರದಲ್ಲಿ. ಸವಾಯಿ ಜಯಸಿಂಗ 1734ರ ಹೊತ್ತಿಗೆ ಅಲ್ಲಿ ಜಂತರ್ ಮಂತರ್ ಕಟ್ಟಿಸಿ ಮುಗಿಸಿದ. ಅದರಲ್ಲಿರುವ ಸಾಮ್ರಾಟ ಯಂತ್ರ 27 ಮೀಟರ್ ಎತ್ತರದ ಕಲ್ಲು ಗಾರೆಯ ಶಂಕು. ಅದರ ನೆರಳು ಸೆಕೆಂಡಿಗೆ ಒಂದು ಮಿಲಿಮೀಟರಿನಂತೆ ಹರಿಯುತ್ತದೆ, ನಿಂತು ನೋಡಿದರೆ ಕಣ್ಣಿಗೇ ಕಾಣುತ್ತದೆ. ನೋಡಿ ಬಂದವರು ಈಗಲೂ ಹೊಗಳುತ್ತಾರೆ, ಹೊಗಳಲಿ. ಪುಣೆಯಲ್ಲಿ ಪೇಶ್ವೆ ಮೊದಲನೆಯ ಬಾಜಿರಾವ್ ಶನಿವಾರವಾಡೆ ಕಟ್ಟಿಸಿದ್ದೂ ಅದೇ ವರ್ಷಗಳಲ್ಲಿ, 1730ರಿಂದ 1732. ಆ ಪೇಶ್ವೆಗಳ ಊರಿನಲ್ಲಿ ನೆರಳು ಅಳೆಯುವುದಕ್ಕೆ ಕಲ್ಲಿನ ಯಂತ್ರ ಬೇಕಾಗಲಿಲ್ಲ. ನಮ್ಮವರ ಮೈಯೇ ಯಂತ್ರವಾಯಿತು.

ಜಿ.ಎಸ್. ಘುರ್ಯೆ 1932ರಲ್ಲಿ ಜಾತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ದಾಖಲು ಮಾಡಿದ್ದಾರೆ. ಮರಾಠರ ಮತ್ತು ಪೇಶ್ವೆಗಳ ಆಳಿಕೆಯಲ್ಲಿ ಮಹಾರರು, ಮಾಂಗರು ಬೆಳಗ್ಗೆ ಒಂಬತ್ತಕ್ಕೆ ಮುಂಚೆ, ಮಧ್ಯಾಹ್ನ ಮೂರರ ನಂತರ ಪುಣೆಯ ಬಾಗಿಲುಗಳ ಒಳಗೆ ಇರುವಂತಿರಲಿಲ್ಲ. ಕಾರಣ, ಆ ಹೊತ್ತಿನಲ್ಲಿ ಅವರ ನೆರಳು ಉದ್ದ ಬೀಳುತ್ತದೆ, ಬಿದ್ದಲ್ಲಿ ಬ್ರಾಹ್ಮಣನಿಗೆ ಮೈಲಿಗೆ. ಪೇಶ್ವೆಗಳ ಕಾಲದ ಲೆಕ್ಕ ಗಳಿಗೆಯಲ್ಲಿತ್ತು. ಒಂಬತ್ತು, ಮೂರು ಅನ್ನುವುದು ಆಮೇಲೆ ಬರೆದವರು ಗಂಟೆಗೆ ಇಳಿಸಿದ್ದು. ಅವರು ಇಳಿಸಿದ ಈ ಗಂಟೆಗಳು ಶಾಸ್ತ್ರದ ಆಳುದ್ದ ನೆರಳಿಗೆ ಎಷ್ಟು ಸರಿಯಾಗಿ ಹೊಂದುತ್ತವೆ ನೋಡಿ. ಪೇಶ್ವೆಗಳು ಕೌಟಿಲ್ಯನನ್ನು ಓದಿ ಹೀಗೆ ಮಾಡಿದರು ಅಂತ ನಾವು ಹೇಳುತ್ತಿಲ್ಲ, ಆಗ ಆ ಗ್ರಂಥವೇ ಸಿಕ್ಕಿರಲಿಲ್ಲ. ನೆರಳಿನ ಲೆಕ್ಕ ಗ್ರಂಥದ ಹೊರಗೂ ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಮೈಗಿಂತ ನೆರಳು ಉದ್ದವಾಯಿತು ಅಂದರೆ ಹೊರಗೆ ನಡೆ, ಇಷ್ಟೇ. ಒಂದು ಶಾಸ್ತ್ರದಲ್ಲಿ ರಾಜ ಪ್ರಜೆಗಳ ಅಹವಾಲು ಕೇಳಬೇಕಾದ ಹೊತ್ತು ಯಾವುದೋ, ಇನ್ನೊಂದು ರಾಜ್ಯದಲ್ಲಿ ಸರಿಯಾಗಿ ಅದೇ ಹೊತ್ತಿಗೆ ಅಹವಾಲು ಇದ್ದವನಿಗೆ ಊರ ಬಾಗಿಲು ಬಂದ್.

ಈ ಕಟ್ಟಳೆಯನ್ನು ಅದರದೇ ಲೆಕ್ಕದಲ್ಲಿ ತೂಗಿ ನೋಡೋಣ. ಪುಣೆ ಇರುವುದು ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಐದೂವರೆ ಅಡಿಯ ಒಬ್ಬ ಆಳನ್ನು ಅಲ್ಲಿ ಸೂರ್ಯನ ಲೆಕ್ಕದ ಒಂಬತ್ತು ಗಂಟೆಗೆ ನಿಲ್ಲಿಸಿದರೆ, ಹಗಲು ರಾತ್ರಿ ಸಮ ಇರುವ ಮಾರ್ಚಿಯಲ್ಲಿ ಅವನ ನೆರಳು ಸುಮಾರು ಆರು ಅಡಿ. ಡಿಸೆಂಬರಿನಲ್ಲಿ ಹತ್ತಿರ ಹತ್ತಿರ ಹತ್ತು ಅಡಿ. ಜೂನಿನಲ್ಲಿ ಐದೇ ಅಡಿ. ಅದೇ ಡಿಸೆಂಬರಿನ ನಡುಹಗಲಿನಲ್ಲಿ, ಹೊತ್ತು ಆ ದಿನ ಏರಬಹುದಾದಷ್ಟು ಎತ್ತರ ಏರಿದ ಮೇಲೂ, ನೆರಳು ಐದು ಅಡಿಯ ಹತ್ತಿರ ಇರುತ್ತದೆ. ಅಂದರೆ ಜೂನ್ ತಿಂಗಳ ಒಂಬತ್ತು ಗಂಟೆಯಲ್ಲಿ ಬಾಗಿಲ ಹೊರಗೆ ನಿಂತಿದ್ದವನ ನೆರಳಿಗೂ, ಡಿಸೆಂಬರ್ ತಿಂಗಳ ಹನ್ನೆರಡಕ್ಕೆ ಒಳಗೆ ಓಡಾಡುತ್ತಿದ್ದವನ ನೆರಳಿಗೂ ವ್ಯತ್ಯಾಸ ಇಲ್ಲ. ಒಂದು ಮೈಲಿಗೆ, ಇನ್ನೊಂದು ಅಲ್ಲ! ನೆರಳಿನ ಉದ್ದವೇ ಮೈಲಿಗೆಯಾಗಿದ್ದರೆ ಮಾಗಿಯಲ್ಲಿ ಬಾಗಿಲನ್ನು ತೆರೆಯಲೇಬಾರದಿತ್ತು. ತೆರೆಯದಿದ್ದರೆ ಊರಿನ ಹೊಲಸು ತೆಗೆಯೋರು ಯಾರು, ಸತ್ತ ದನ ಎಳೆಯೋರು ಯಾರು? ಕೆಲಸಕ್ಕೆ ಆರು ಗಂಟೆ ಬೇಕಿತ್ತು. ಆ ಆರು ಗಂಟೆಯನ್ನು ಬಿಟ್ಟುಕೊಟ್ಟು ಮಿಕ್ಕದ್ದಕ್ಕೆ ನೆರಳಿನ ನೆಪ ಹೇಳಿದರು. ಇನ್ನು ಮಧ್ಯಾಹ್ನ ಮೂರಕ್ಕೆ ಪೇಶ್ವೆಯ ನೆರಳೂ ಅವನ ಮೈಯಷ್ಟೇ ಉದ್ದ ಬೀಳುತ್ತಿತ್ತು ಎಂಬುದನ್ನು ಬರೆಯುವುದಕ್ಕೇ ನಗು ಬರುತ್ತದೆ.

ಯಾವ ಆರು ಗಂಟೆ ಅದು ಎಂಬುದನ್ನೂ ನೋಡಬೇಕು. ನೆತ್ತಿ ಸುಡುವ ಹೊತ್ತು. ಸೌದೆ ಹೊರೆಯೋ ಹುಲ್ಲಿನ ಹೊರೆಯೋ ಹೊತ್ತು ಬಂದವನು ತಂಪು ಹೊತ್ತಿನ ಸಂತೆಗೆ ಬರುವಂತಿಲ್ಲ, ಸಂಜೆಯ ಸಂತೆಗೆ ನಿಲ್ಲುವಂತಿಲ್ಲ. ಮೂರಕ್ಕೆ ಬಾಗಿಲು ದಾಟಬೇಕಾದವನಿಗೆ ಎರಡಕ್ಕೇ ಅವಸರ. ಅವಸರದವನು ಕೇಳಿದ ಬೆಲೆಗೆ ಕೊಟ್ಟು ಹೋಗುತ್ತಾನೆ. ಕಾಲವನ್ನು ಕಿತ್ತುಕೊಂಡರೆ ಕೂಲಿಯನ್ನೂ ಕಿತ್ತುಕೊಂಡ ಹಾಗೆ.

ಒಳಗೆ ಬಂದ ಮೇಲಾದರೂ ಸುಮ್ಮನೆ ಬಿಟ್ಟರೆ? 1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಪೇಶ್ವೆಗಳ ರಾಜ್ಯದ ಸ್ಥಿತಿಯನ್ನು ಎತ್ತಿ ತೋರಿಸಿದ್ದಾರೆ. ಸವರ್ಣೀಯ ಎದುರಿಗೆ ಬರುತ್ತಿದ್ದರೆ ನೆರಳು ಸೋಕೀತು ಎಂದು ಅಸ್ಪೃಶ್ಯ ಆ ಬೀದಿಯಲ್ಲಿ ನಡೆಯುವಂತಿರಲಿಲ್ಲ. ಗುರುತಿಗೆ ಕೈಗೋ ಕತ್ತಿಗೋ ಕರಿ ದಾರ. ಪುಣೆಯಲ್ಲಿ ಹೆಜ್ಜೆ ಗುರುತು ಅಳಿಸಲು ಸೊಂಟಕ್ಕೆ ಪೊರಕೆ, ಉಗುಳು ನೆಲಕ್ಕೆ ಬೀಳದಿರಲು ಕತ್ತಿಗೆ ಮಡಕೆ. ಹೆಜ್ಜೆಗೆ ಪೊರಕೆ ಸಿಕ್ಕಿತು, ಉಗುಳಿಗೆ ಮಡಕೆ ಸಿಕ್ಕಿತು. ನೆರಳನ್ನು ಕಟ್ಟಿಹಾಕುವ ಸಾಮಾನು ಯಾವುದೂ ಇರಲಿಲ್ಲ, ಅದಕ್ಕೇ ಗಳಿಗೆ ಲೆಕ್ಕ. ಇದಕ್ಕೂ ಸಾವಿರದ ಮುನ್ನೂರು ವರ್ಷ ಹಿಂದೆ ಬಂದಿದ್ದ ಚೀನದ ಯಾತ್ರಿಕ ಫಾಹಿಯಾನ್, ಚಂಡಾಲರು ಪಟ್ಟಣಕ್ಕೆ ಬರುವಾಗ ಮರದ ತುಂಡು ಬಡಿದು ಸದ್ದು ಮಾಡಿಕೊಂಡು ಬರಬೇಕಿತ್ತು ಎಂದು ಬರೆದಿಟ್ಟಿದ್ದಾನೆ. ಗರ್ಭಗುಡಿಗೆ ದಿಕ್ಕು ತೋರಿಸಿದ ಗೂಟದ ನೆರಳು ಪವಿತ್ರ, ಅದೇ ಗುಡಿಗೆ ಕಲ್ಲು ಹೊತ್ತವನ ನೆರಳು ಹೊಲೆ.

ಪುಣೆಯ ಮಾತು ಆಯಿತು, ನಮ್ಮ ಸೀಮೆ ಹೇಗಿತ್ತು ಅಂತ ಗೆಳೆಯರು ಕೇಳಬಹುದು. ಇಲ್ಲಿ ನೆರಳಿಗಿಂತ ಲೆಕ್ಕದ ಪುಸ್ತಕ ಹೆಚ್ಚು ಕೆಲಸ ಮಾಡಿತು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಮೈಸೂರು ಚರಿತ್ರೆಯಲ್ಲಿ ಹಳ್ಳಿಯ ಹನ್ನೆರಡು ಆಯಗಾರರ ಪಟ್ಟಿ ಕೊಡುತ್ತಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ ಹೀಗೆ. ಈ ಪಟ್ಟಿಯಲ್ಲಿ ಜೋಯಿಸನೂ ನೀರುಗಂಟಿಯೂ ಅಕ್ಕಪಕ್ಕ ಇದ್ದಾರೆ. ಇಬ್ಬರದೂ ಕಾಲದ ಕೆಲಸ. ಜೋಯಿಸ ಬಿತ್ತನೆಗೆ ದಿನ ಹೇಳುವವನು. ನೀರುಗಂಟಿ ಕೆರೆಯ ನೀರನ್ನು ಸರದಿ ತಪ್ಪದಂತೆ ಗದ್ದೆ ಗದ್ದೆಗೆ ಬಿಡುವವನು. ತೋಟಿ ರಾತ್ರಿ ಬೆಳೆ ಕಾಯುವವನು. ತೋಟಿ, ನೀರುಗಂಟಿ ಕೆಲಸ ಎಷ್ಟೋ ಹಳ್ಳಿಗಳಲ್ಲಿ ನಮ್ಮವರದು. ರಾತ್ರಿಯೆಲ್ಲ ತೂಬಿನ ಹತ್ತಿರ, ಮಂಚಿಕೆಯ ಮೇಲೆ ಚುಕ್ಕಿ ಚಂದ್ರಾಮರನ್ನು ನೋಡಿಕೊಂಡು ಎಚ್ಚರ ಇದ್ದವರು ಇವರು. ಆದರೆ ಕಾಲಜ್ಞಾನಿ ಎನ್ನಿಸಿಕೊಂಡದ್ದು ಜಗಲಿಯ ಮೇಲೆ ಪಂಚಾಂಗ ಬಿಚ್ಚಿದವನು.

ಊರ ಮುಂದಿನ ಶಾಸನದ ಕಲ್ಲುಗಳನ್ನು ನೋಡಿ. ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೊರೆದಿರುತ್ತಾರೆ. ಗ್ರಹಣದ ದಿನ, ಸಂಕ್ರಮಣದ ದಿನ ಇಂಥವರಿಗೆ ಇಷ್ಟು ಭೂಮಿ ಕೊಟ್ಟೆವು ಎಂದು ಶಕ ವರ್ಷ, ಮಾಸ, ತಿಥಿ, ವಾರ ಸಮೇತ ಬರೆದಿರುತ್ತಾರೆ. ಎಷ್ಟು ಕಾಲಕ್ಕೆ? ಆಚಂದ್ರಾರ್ಕ. ಸೂರ್ಯ ಚಂದ್ರ ಇರುವ ತನಕ. ಗ್ರಹಣ ಯಾವಾಗ ಎಂದು ಮೊದಲೇ ಲೆಕ್ಕ ಹಾಕಿ ಹೇಳಬಲ್ಲವನೂ, ಗ್ರಹಣದ ದಿನ ದಾನ ಕೊಟ್ಟರೆ ಪುಣ್ಯ ಎಂದು ಹೇಳುವವನೂ, ದಾನ ಇಸಕೊಳ್ಳುವವನೂ ಬಹಳ ಸಲ ಒಂದೇ ಜಾತಿಯವರು. ಆ ನೆಲವನ್ನು ಉತ್ತವರ ಹೆಸರು ಹುಡುಕಿದರೆ ಸಿಗೋದು ಕಷ್ಟ.

ಹೆಸರಿಲ್ಲದ ಆ ಆಳಿನ ಕಾಲವನ್ನು ಚಂದ್ರನ ಲೆಕ್ಕದಲ್ಲೇ ಹಿಡಿದಿಟ್ಟಿದ್ದರು. ಜೀತದ ವರ್ಷ ನಮ್ಮ ಕಡೆ ಯುಗಾದಿಯಿಂದ ಯುಗಾದಿಗೆ. ಯುಗಾದಿ ಚಾಂದ್ರಮಾನದ ಹಬ್ಬ. ಹನ್ನೆರಡು ಚಾಂದ್ರ ತಿಂಗಳು ಕೂಡಿದರೆ 354 ದಿನ, ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಮ್ಮಿ. ಅದನ್ನು ಸರಿದೂಗಿಸಲು ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತಾರೆ. ಹತ್ತಿರದ ಉದಾಹರಣೆಯನ್ನೇ ನೋಡಿ: 2022ರ ಯುಗಾದಿಯಿಂದ 2023ರ ಯುಗಾದಿಗೆ 354 ದಿನ. 2023ರಲ್ಲಿ ಅಧಿಕ ಶ್ರಾವಣ ಬಂತು, ಹಾಗಾಗಿ ಅಲ್ಲಿಂದ 2024ರ ಯುಗಾದಿಗೆ 384 ದಿನ. ವರ್ಷಕ್ಕೆ ಇಷ್ಟು ಕಾಳು, ಒಂದು ಕಂಬಳಿ, ಒಂದು ಜೊತೆ ಮೆಟ್ಟು ಅಂತ ಗೊತ್ತಾದ ಆಳಿಗೆ ಅಂಥ ವರ್ಷ ಸಿಕ್ಕಿದರೆ ಮೂವತ್ತು ದಿನ ಬಿಟ್ಟಿ. ಮಿಕ್ಕ ವರ್ಷಗಳಲ್ಲಿ ದಿನ ಕಮ್ಮಿ ಇತ್ತಲ್ಲ, ಒಟ್ಟಿನಲ್ಲಿ ಸರಿಹೋಗುತ್ತದಲ್ಲ ಅಂತ ಯಾರಾದರೂ ಅಂದಾರು. ಹತ್ತೊಂಬತ್ತು ವರ್ಷ ಕೂಡಿಸಿದರೆ ಸರಿಹೋಗುತ್ತದೆ, ನಿಜ. ಒಂದೇ ಧಣಿಯ ಹಟ್ಟಿಯಲ್ಲಿ ಹತ್ತೊಂಬತ್ತು ವರ್ಷ ಜೀತ ಮಾಡಿದವನಿಗೆ ಮಾತ್ರ ಈ ನ್ಯಾಯ ದಕ್ಕುತ್ತದೆ! ಯಾವ ವರ್ಷ ಉದ್ದ, ಯಾವುದು ಗಿಡ್ಡ ಎಂಬುದು ಧಣಿಗೆ ಮೊದಲೇ ಗೊತ್ತು, ಅವನ ಮನೆಯಲ್ಲಿ ಪಂಚಾಂಗ ಇದೆ. ಆಳಿಗೆ ಗೊತ್ತಾಗೋದು ಹಬ್ಬ ಮುಂದಕ್ಕೆ ಹೋದಾಗ. ಅಮಾವಾಸ್ಯೆಗೆ ಎತ್ತಿನ ಹೆಗಲಿಗೆ ನೊಗ ಇಡಬಾರದು ಎಂಬ ಕಟ್ಟು ಎಷ್ಟೋ ಊರುಗಳಲ್ಲಿದೆ, ಒಳ್ಳೆಯ ಕಟ್ಟು. ಆ ದಿನ ಜೀತದಾಳು ಎತ್ತಿನ ಮೈ ತೊಳೆಯುತ್ತಿದ್ದ. ಈ ಪದ್ಧತಿಯನ್ನು ಕಾನೂನು ಮುಟ್ಟಿದ್ದು 1975ರ ಸುಗ್ರೀವಾಜ್ಞೆ, 1976ರ ಕಾಯಿದೆಯಿಂದ.

ಪೇಶ್ವೆಗಳ ಆಳಿಕೆ 1818ರಲ್ಲಿ ಮುಗಿಯಿತು. 1848ರಲ್ಲಿ ಅದೇ ಪುಣೆಯಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಹೆಣ್ಣುಮಕ್ಕಳ ಶಾಲೆ ತೆರೆದರು, ಆಮೇಲೆ ಮಹಾರ, ಮಾಂಗ ಮಕ್ಕಳಿಗೂ ತೆರೆದರು. ಬೆಳಗಿನ ಹೊತ್ತಿನಲ್ಲಿ ಪಾಟಿ ಹಿಡಿದು ಆ ಮಕ್ಕಳು ಪೇಟೆಯ ಬೀದಿಯಲ್ಲಿ ನಡೆದರು, ಅವರ ಉದ್ದನೆಯ ನೆರಳು ಪೇಟೆಯ ಗೋಡೆಗಳ ಮೇಲೆ ನಡೆಯಿತು. ಅಲ್ಲಿ ಓದಿದ ಮುಕ್ತಾಬಾಯಿ ಎಂಬ ಮಾಂಗ ಹುಡುಗಿ 1855ರಲ್ಲಿ ಮಹಾರ, ಮಾಂಗರ ದುಃಖದ ಬಗ್ಗೆ ಬರೆದ ನಿಬಂಧ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಫುಲೆ ದಂಪತಿಗಳು ಕೂಲಿಕಾರರಿಗೂ ರೈತರಿಗೂ ರಾತ್ರಿ ಶಾಲೆ ಶುರು ಮಾಡಿದರು. ಹಗಲೆಲ್ಲ ಯಾರದೋ ಲೆಕ್ಕಕ್ಕೆ ಸೇರಿದವರಿಗೆ ಹೊತ್ತು ಮುಳುಗಿದ ಮೇಲಿನ ನಾಲ್ಕು ಗಳಿಗೆ ಮಾತ್ರ ಸ್ವಂತದ್ದು.

ಇನ್ನು ನಮ್ಮ ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ನೆರಳಿನ ಪಾಠಕ್ಕೆ ಖರ್ಚಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಮೊಳದ ನೇರವಾದ ಕೋಲು ನೆಟ್ಟು ಮಕ್ಕಳಿಂದ ಗುರುತು ಹಾಕಿಸಿ. ಕೈಗಡಿಯಾರಕ್ಕೂ ಕೋಲಿಗೂ ಹೊಂದದಿದ್ದರೆ ಗಾಬರಿ ಬೇಡ. 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಗಂಟೆ ಇಟ್ಟಿದ್ದಾರೆ, ಅದು ಅಲಹಾಬಾದಿನ ಹತ್ತಿರ ಹಾಯುವ ರೇಖಾಂಶದ ಗಂಟೆ. ಬೆಂಗಳೂರಿನ ಸೂರ್ಯ ಅದಕ್ಕಿಂತ ಸರಾಸರಿ ಇಪ್ಪತ್ತು ನಿಮಿಷ ಹಿಂದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಎರಡು ದಿನ ನಡುಹಗಲಿಗೆ ನೆರಳು ಪೂರ್ತಿ ಕಾಲಡಿಗೆ ಬರುತ್ತದೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಉತ್ತರಕ್ಕೆ ಹೋದಷ್ಟೂ ಏಪ್ರಿಲಿನದು ಮೇ ತಿಂಗಳಿಗೆ ಸರಿಯುತ್ತದೆ, ಆಗಸ್ಟಿನದು ಜುಲೈ ಕಡೆಗೆ ಬರುತ್ತದೆ. ಏಪ್ರಿಲಿನಲ್ಲಿ ಶಾಲೆಗೆ ರಜಾ, ಹಾಗಾಗಿ ಆಗಸ್ಟಿನದನ್ನೇ ಹಿಡಿಯಬೇಕು. ಆ ದಿನ ಹನ್ನೆರಡು ಗಂಟೆ ಇಪ್ಪತ್ತಮೂರು ನಿಮಿಷದ ಸುಮಾರಿಗೆ ಕೋಲಿನ ಜೊತೆ ಮಕ್ಕಳನ್ನೂ ಅಂಗಳದಲ್ಲಿ ನಿಲ್ಲಿಸಿ, ಎಲ್ಲ ಕೇರಿಯವರನ್ನೂ ಒಂದೇ ಸಾಲಿನಲ್ಲಿ. ಮೋಡ ಕವಿದಿದ್ದರೆ ಮಾರನೆಯ ದಿನ ನೋಡಬಹುದು. ಒಂದು ಮೊಳದ ಕೋಲಿಗೆ ಒಂದು ದಿನದಲ್ಲಿ ನೆರಳು ಜೋಳದ ಕಾಳಿನಷ್ಟೂ ಬೆಳೆಯುವುದಿಲ್ಲ.